ರಾತ್ರಿ ಎಂಟರ ವೋಲ್ಟೇಜು

ಹೋದ ತಿಂಗಳು ಬೆಂಗಳೂರಿನ ಅಕ್ಕನ ಮನೆಗೆ ಹೋಗಿದ್ದೆ. ಎರಡನೇ ಮಹಡಿಯ ಬಾಡಿಗೆ ಮನೆ. ಊಟ ಮುಗಿದು ಎಲ್ಲರೂ ಮಲಗಿದ್ದರು, ಗಂಟೆ ಹನ್ನೊಂದು ದಾಟಿತ್ತು. ನೀರು ಕುಡಿಯೋಕೆ ಎದ್ದಾಗ ಅಕ್ಕನ ಮಗನ ಕೋಣೆಯಿಂದ ಸದ್ದು ಕೇಳಿಸಿತು. ಟಿಕ್, ಟಿಕ್, ಸರ್ರ್, ಟಿಕ್. ಬಾಚಣಿಗೆಯ ಹಲ್ಲಿನ ಮೇಲೆ ಯಾರೋ ಉಗುರು ಎಳೆದ ಹಾಗೆ. ಬಾಗಿಲು ತಳ್ಳಿ ನೋಡಿದೆ. ಹುಡುಗ ಹೆಡ್‌ಫೋನ್ ಹಾಕಿಕೊಂಡು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಕಣ್ಣು ಮುಚ್ಚಿತ್ತು. ಸಾವಿರ ಜನರ ಮುಂದೆ ನಿಂತವನ ಮುಖ. ಆದರೆ ಕೋಣೆಯಲ್ಲಿ ಇದ್ದದ್ದು ತಂತಿಯ ಒಣ ಸದ್ದು, ಮೇಲೆ ತಿರುಗುವ ಫ್ಯಾನು, ಅಷ್ಟೇ. ನನ್ನನ್ನು ನೋಡಿ ಅವನು ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದ. "ಕೇಳಿ ಮಾಮ" ಅಂತ ಕೆಲವು ಸ್ವರ ಒಟ್ಟಿಗೆ ನುಡಿಯುವ ಒಂದು ಕಾರ್ಡ್ ಎಳೆದ. ಮೈ ಜುಮ್ಮೆಂದಿತು. ದೊಡ್ಡ ಸಭಾಂಗಣ, ಕುದಿಯುವ ವಾಲ್ವ್ ಆಂಪ್ (ಗಾಜಿನ ವಾಲ್ವುಗಳಿಂದ ಸದ್ದು ಹಿಗ್ಗಿಸುವ ಹಳೇ ಪೆಟ್ಟಿಗೆ), ಎದೆಗೆ ಬಡಿಯುವ ಸ್ಪೀಕರ್, ಎಲ್ಲ ಅಲ್ಲಿತ್ತು. ಹೆಡ್‌ಫೋನ್ ತೆಗೆದರೆ ಮತ್ತೆ ಟಿಕ್ ಟಿಕ್.

ಅವತ್ತಿನಿಂದ ಈ ಎರಡು ಸದ್ದುಗಳ ನಡುವಿನ ದೂರ ತಲೆಯಿಂದ ಹೋಗಿಲ್ಲ. ಗಿಟಾರ್ ಅನ್ನೋದು ಇವೆರಡರಲ್ಲಿ ಯಾವುದು?

ಮರುದಿನ ಅವನು ನನಗೊಂದು ಪರೀಕ್ಷೆ ಕೊಟ್ಟ. ಒಂದೇ ತುಣುಕಿನ ಎರಡು ರೆಕಾರ್ಡಿಂಗ್. ಒಂದು ನಿಜವಾದ ವಾಲ್ವ್ ಆಂಪ್ ಮುಂದೆ ಮೈಕ್ ಇಟ್ಟು ಮಾಡಿದ್ದು, ಇನ್ನೊಂದು ಪೂರ್ತಿ ಲ್ಯಾಪ್‌ಟಾಪಿನದು. "ನಿಜವಾದದ್ದು ಯಾವುದು ಹೇಳಿ ಮಾಮ." ನಾನು ನಾಲ್ಕು ಸಲ ಕೇಳಿದೆ. ಒಂದರಲ್ಲಿ ಉಸಿರಿದೆ ಅನ್ನಿಸಿತು, ಅದನ್ನೇ ಹೇಳಿದೆ. ಅದು ಲ್ಯಾಪ್‌ಟಾಪಿನದು. ಹಾಗಾಗಿ ಡಿಜಿಟಲ್ ಸದ್ದಿಗೆ ಜೀವ ಇಲ್ಲ ಎಂಬ ಮಾತನ್ನು ನಾನಿನ್ನು ಆಡಲಾರೆ. ಜೀವ ಇದೆ. ನನ್ನ ಕಿವಿಯೇ ಒಪ್ಪಿಕೊಂಡಿದೆ. ಆದರೂ ಏನೋ ಒಂದು ಬದಲಾಗಿದೆ, ಅದು ಏನು ಅಂತ ಹುಡುಕುತ್ತಾ ಹೋದರೆ ನಾನು ನಮ್ಮೂರಿಗೇ ಬಂದು ನಿಲ್ಲುತ್ತೇನೆ.

ಮೇಷ್ಟ್ರ ಆಂಪ್

ನಮ್ಮೂರು ಸಾಗರ. 1990ರ ದಶಕದ ನಡುವಿನಲ್ಲಿ ಕಾಲೇಜು ಓದುತ್ತಾ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಗಣಪತಿ ಹಬ್ಬ ಬಂದರೆ ಒಂದು ತಿಂಗಳು ಮನೆ ಸೇರುತ್ತಿರಲಿಲ್ಲ. ಗಾಯಕರಿಗೆ ಒಳ್ಳೆಯ ಸೌಂಡ್ ಸಿಸ್ಟಮ್ ಬಾಡಿಗೆಗೆ ಸಿಗುತ್ತಿತ್ತು, ಗಿಟಾರಿಗೆ ಮಾತ್ರ ಸರಿಯಾದ ಆಂಪ್ ಇರಲಿಲ್ಲ. ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವವರೊಬ್ಬರಿದ್ದರು. ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಅವರೇ ನಮಗೊಂದು ಆಂಪ್ ಕಟ್ಟಿಕೊಟ್ಟರು. ಯಾರೋ ಗುಜರಿಗೆ ಹಾಕಲು ತಂದಿದ್ದ ಹಳೇ ವಾಲ್ವ್ ರೇಡಿಯೊಗಳಿಂದ ಎರಡು ಇಎಲ್84 ವಾಲ್ವ್ ಕಿತ್ತರು. ಟ್ರಾನ್ಸ್‌ಫಾರ್ಮರ್ ತಾವೇ ಸುತ್ತಿದರು. ಹಲಸಿನ ಹಲಗೆಯ ಪೆಟ್ಟಿಗೆ, ಅದರಲ್ಲಿ ಹನ್ನೆರಡು ಇಂಚಿನ ಒಂದು ಸ್ಪೀಕರ್. ವಾಲ್ವ್ ಕಾಯ್ದಾಗ ಪೆಟ್ಟಿಗೆಯಿಂದ ಹಲಸಿನ ಮರದ ವಾಸನೆ ಬರುತ್ತಿತ್ತು. ಎಷ್ಟೋ ವರ್ಷ ಆದಮೇಲೆ ತಿಳಿಯಿತು, ಬೀಟಲ್ಸ್ ನುಡಿಸುತ್ತಿದ್ದ ವಾಕ್ಸ್ ಎಸಿ30 ಆಂಪ್‌ನಲ್ಲಿ ಇದ್ದದ್ದೂ ಇದೇ ಇಎಲ್84, ನಾಲ್ಕು. ನಮ್ಮದರಲ್ಲಿ ಎರಡು.

ಆ ಆಂಪ್‌ನಲ್ಲಿ ಒಂದು ವಿಚಿತ್ರ ಇತ್ತು. ಸಂಜೆ ಆರಕ್ಕೆ ಸೌಂಡ್ ಚೆಕ್ ಮಾಡುವಾಗ ಅದು ಒರಟಾಗಿ, ಬಿಗಿಯಾಗಿ ಇರುತ್ತಿತ್ತು. ರಾತ್ರಿ ಎಂಟರ ಹೊತ್ತಿಗೆ, ಊರಿನ ಎಲ್ಲ ಮನೆಗಳಲ್ಲೂ ದೀಪ, ಟಿವಿ, ಮಿಕ್ಸಿ ಹಚ್ಚಿ ಪೆಂಡಾಲಿನ ಬಲ್ಬು ಕೆಂಪಗೆ ಮಂಕಾದಾಗ, ಗಿಟಾರು ಜೇನಾಗುತ್ತಿತ್ತು. ಜೋರಾಗಿ ಮೀಟಿದರೆ ಸ್ವರ ಮೊದಲು ಒಳಕ್ಕೆ ಕುಸಿದು, ಆಮೇಲೆ ಅರಳುತ್ತಿತ್ತು. ಶರಾವತಿಯ ಕರೆಂಟು ಹುಟ್ಟುವುದು ನಮ್ಮ ಪಕ್ಕದಲ್ಲೇ, ಆದರೂ ಸಂಜೆಯ ವೋಲ್ಟೇಜು ನಮ್ಮ ಮನೆಗಳಿಗೆ ಯಾವತ್ತೂ ಪೂರ್ತಿ ಬರುತ್ತಿರಲಿಲ್ಲ. ಮೇಷ್ಟ್ರಿಗೆ ಇದರ ಗುಟ್ಟು ಗೊತ್ತಿತ್ತು. "ವಾಲ್ವಿಗೆ ಊಟ ಕಡಿಮೆ ಬಿದ್ದರೆ ಅದು ಬೇಗ ಸುಸ್ತಾಗುತ್ತೆ ಮಾರಾಯ, ಆ ಸುಸ್ತೇ ನಿನಗೆ ಇಷ್ಟ ಆಗ್ತಿರೋದು" ಅಂದಿದ್ದರು. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವಾನ್ ಹೇಲನ್ ತನ್ನ ಮಾರ್ಷಲ್ ಆಂಪ್‌ಗೆ ವೇರಿಯಾಕ್ ಎಂಬ ಸಾಧನ ಕೂಡಿಸಿ, ಬೇಕೆಂದೇ ವೋಲ್ಟೇಜು ಇಳಿಸಿ ನುಡಿಸುತ್ತಿದ್ದ. ಅವನಿಗೆ ಅದಕ್ಕೊಂದು ಪೆಟ್ಟಿಗೆ ಬೇಕಾಯಿತು. ನಮಗೆ ಇಡೀ ಊರೇ ಆ ಕೆಲಸ ಮಾಡಿಕೊಡುತ್ತಿತ್ತು.

ಇನ್ನೊಂದು ನೆನಪು. ಒಂದು ಹಾಡಿನ ಕೊನೆಯಲ್ಲಿ ಉದ್ದದ ಸ್ವರ ಹಿಡಿದು ಸುಮ್ನೆ ಆಂಪ್ ಕಡೆ ತಿರುಗಿದೆ. ಸ್ವರ ಇಳಿಯುವ ಬದಲು ನಿಂತಿತು. ಆಮೇಲೆ ಬೆಳೆಯಿತು. ನನ್ನ ಬೆರಳ ಕೆಳಗೆ ತಂತಿ ತಾನಾಗಿ ನಡುಗುತ್ತಿತ್ತು. ನಾನು ಮೀಟುತ್ತಿರಲಿಲ್ಲ, ಸ್ಪೀಕರಿನ ಗಾಳಿ ಮೀಟುತ್ತಿತ್ತು. ಸೌಂಡಿನವರು ಓಡಿಬಂದು "ಮೈಕ್ ಕೂಗ್ತಿದೆ, ಮೈಕ್ ಕೂಗ್ತಿದೆ" ಅಂತ ನಾಬ್ ಇಳಿಸಿದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತಂತಿ ಸ್ಪೀಕರನ್ನು ಕೇಳಿಸಿಕೊಂಡಿತ್ತು, ಅಲ್ವಾ?

ತಪ್ಪುಗಳ ನಕಲು

ಎಲೆಕ್ಟ್ರಿಕ್ ಗಿಟಾರಿನ ಸದ್ದು ಅಂತ ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಬಹುಪಾಲು ಕೆಟ್ಟುಹೋದ ಸಾಮಾನುಗಳಿಂದ ಬಂದದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂದು ಸ್ಟುಡಿಯೊದಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ದನಿ ಕೆಟ್ಟ ಸರ್ಕ್ಯೂಟಿನಿಂದಾಗಿ ಗೊರಗೊರ ಅಂತ ರೆಕಾರ್ಡ್ ಆಯಿತು. ಹಾಗೇ ಬಿಟ್ಟರು, ಜನಕ್ಕೆ ಹಿಡಿಸಿತು. 1962ರಲ್ಲಿ ಅದೇ ಗೊರಗೊರವನ್ನು ಕಾಲಲ್ಲಿ ಒತ್ತುವ ಡಬ್ಬಿಯಾಗಿ ಮಾರಾಟಕ್ಕೆ ತಂದರು, ಮೇಸ್ಟ್ರೊ ಫಝ್ ಟೋನ್ ಅಂತ. 1964ರಲ್ಲಿ ಲಂಡನ್ನಿನ ಹುಡುಗ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಕಿಂಕ್ಸ್ ಬ್ಯಾಂಡಿಗೆ ಹೊಸ ದನಿ ಕೊಟ್ಟ. ವಾಲ್ವ್ ಅದರ ಮಿತಿ ಮೀರಿದಾಗ ಸ್ವರದ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಅದೇ ಓವರ್‌ಡ್ರೈವ್. ಸ್ಪೀಕರ್ ತುಂಬ ಮೇಲಿನ ಕಂಪನಗಳನ್ನು ಹೊರಕ್ಕೆ ಬಿಡುವುದಿಲ್ಲ, ಸುಮಾರು 5000 ಹರ್ಟ್ಸ್ (ಸೆಕೆಂಡಿಗೆ 5000 ಕಂಪನ) ದಾಟಿದರೆ ಅದರ ದನಿ ಬಿದ್ದೇ ಹೋಗುತ್ತದೆ. ಆ ಸೋಲಿನಿಂದಲೇ ಸದ್ದು ಕಿವಿಗೆ ಹಿತವಾಗುವುದು. ಸ್ಪೀಕರ್ ಬಿಟ್ಟು ನೇರವಾಗಿ ಸೌಂಡ್ ಮಿಕ್ಸರಿಗೆ ಕೊಟ್ಟು ನೋಡಿ, ಡಬ್ಬದಲ್ಲಿ ಸಿಕ್ಕಿಬಿದ್ದ ಸೊಳ್ಳೆ.

ಡಿಜಿಟಲ್ ಬಂದಾಗ ಅದರ ಮುಂದೆ ಇದ್ದದ್ದು ಈ ಸೋಲುಗಳನ್ನು ಲೆಕ್ಕ ಹಾಕುವ ಕೆಲಸ. ಮೊದಮೊದಲು ಅದು ಸರಿಯಾಗಿ ಬರಲಿಲ್ಲ. 90ರ ದಶಕದ ಕೊನೆಗೆ ನಮ್ಮ ಆರ್ಕೆಸ್ಟ್ರಾಕ್ಕೆ ಯಾರೋ ಬೆಂಗಳೂರಿನಿಂದ ಒಂದು ಅಗ್ಗದ ಪ್ರೊಸೆಸರ್ ತಂದರು. ಅಂಗೈಯಗಲ, ಅದರಲ್ಲಿ ಹತ್ತಾರು ದನಿ. ಮನೆಯಲ್ಲಿ ಒಬ್ಬನೇ ನುಡಿಸಿದಾಗ ಸ್ವರ್ಗ, ವೇದಿಕೆಯಲ್ಲಿ ಅದೇ ದನಿ ತೆಳ್ಳಗೆ ಮರಳು ತಿಕ್ಕಿದ ಹಾಗೆ. ಕಾರಣ ಈಗ ಗೊತ್ತು. ಡಿಜಿಟಲ್ ಸಾಧನ ಸ್ವರವನ್ನು ಸೆಕೆಂಡಿಗೆ 44,100 ಸಲವೋ 48,000 ಸಲವೋ ಅಳೆಯುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಚಕ್ರದ ವೇಗ ಹಿಡಿಯಲು ಕ್ಯಾಮೆರಾದ ವೇಗ ಸಾಲದಾದಾಗ? ಹಾಗೇ ಓವರ್‌ಡ್ರೈವ್ ಹುಟ್ಟಿಸುವ ಮೇಲಿನ ಕಂಪನಗಳು ಅಳತೆಯ ವೇಗದ ಅರ್ಧವನ್ನು ಮೀರಿದಾಗ ಸುಳ್ಳು ಸ್ವರಗಳಾಗಿ ಕೆಳಗೆ ಮಡಚಿಕೊಂಡು ಬರುತ್ತವೆ. ನೀವು ಮೀಟಿದ ಸ್ವರಕ್ಕೂ ಅವಕ್ಕೂ ಯಾವ ನಂಟೂ ಇಲ್ಲ. ಈಗಿನವು ಒಳಗೊಳಗೇ ಇನ್ನೂ ಎಷ್ಟೋ ಪಟ್ಟು ವೇಗದಲ್ಲಿ ಲೆಕ್ಕ ಮಾಡಿ, ಸುಳ್ಳು ಸ್ವರಗಳನ್ನು ಸೋಸಿ ಕೊಡುತ್ತವೆ.

ಹೀಗೆ ಆಂಪ್‌ನ ದನಿ ನಕಲು ಮಾಡುವ ಡಿಜಿಟಲ್ ಪೆಟ್ಟಿಗೆಗಳ ದಾರಿ ಸಾಗಿತು. 1998ರಲ್ಲಿ ಲೈನ್ 6 ಕಂಪನಿಯ ಕೆಂಪು ಹುರುಳಿಕಾಯಿ ಬೀಜದ ಆಕಾರದ ಪಾಡ್. 2006ರಲ್ಲಿ ಫ್ರಾಕ್ಟಲ್‌ನ ಆಕ್ಸ್ ಎಫ್ಎಕ್ಸ್. 2010ರ ದಶಕದ ಆರಂಭದಲ್ಲಿ ಜರ್ಮನಿಯ ಕೆಂಪರ್. ಕೆಂಪರ್ ಮಾಡಿದ್ದು ದೊಡ್ಡ ಕೆಲಸ. ಆಂಪ್‌ನ ಸರ್ಕ್ಯೂಟ್ ಅರ್ಥ ಮಾಡಿಕೊಳ್ಳುವ ಗೋಜಿಗೇ ಹೋಗದೆ, ಅದರೊಳಕ್ಕೆ ಪರೀಕ್ಷೆಯ ಸದ್ದು ಕಳಿಸಿ, ಹೊರಗೆ ಬಂದದ್ದನ್ನು ಮೈಕಿನಲ್ಲಿ ಕೇಳಿ ನಕಲು ಮಾಡಿತು. ಈಗ ನಮ್ಮ ಹುಡುಗ ಬಳಸುವುದು ನ್ಯೂರಲ್ ಆಂಪ್ ಮಾಡೆಲರ್. ಸ್ಟೀವನ್ ಆಟ್ಕಿನ್ಸನ್ ಬರೆದ ಉಚಿತ ತಂತ್ರಾಂಶ. ಮೂರು ನಿಮಿಷದಷ್ಟು ಸದ್ದನ್ನು ಆಂಪ್ ಮೂಲಕ ಹಾಯಿಸಿ ರೆಕಾರ್ಡ್ ಮಾಡಿಕೊಟ್ಟರೆ, ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ಸಂಬಂಧವನ್ನು ಅದು ತಾನೇ ಕಲಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಆಂಪ್‌ನ ದನಿ ಒಂದು ಪುಟ್ಟ ಫೈಲ್ ಆಗಿ, ಅದಕ್ಕೆ ಕ್ಯಾಪ್ಚರ್ ಅಂತಾರೆ, ಬಾಡಿಗೆ ಮನೆಯ ಹುಡುಗನಿಗೆ ಸಿಗುತ್ತದೆ. ಇದು ನನಗೆ ನಿಜವಾಗಿಯೂ ಖುಷಿ ಕೊಡುವ ಸಂಗತಿ. ನಮ್ಮ ಕಾಲದಲ್ಲಿ ಒಂದು ಒಳ್ಳೆಯ ದನಿಗಾಗಿ ಮೇಷ್ಟ್ರಂಥವರು ಊರಲ್ಲಿ ಇರಬೇಕಿತ್ತು. ಇಲ್ಲದ ಊರುಗಳೇ ಜಾಸ್ತಿ.

ಗಿಟಾರಿನ ಮೈ

ಹಾಗಾದರೆ ಗಿಟಾರಿನ ಮೈಗೆ ಏನಾಯಿತು? ಸದ್ದು ಇಷ್ಟು ಬದಲಾದರೂ ಮೈ ಬದಲಾದದ್ದು ಬಹಳ ಕಡಿಮೆ. ಹುಡುಗನ ಗಿಟಾರಿನ ಆಕಾರ 1954ರ ಸ್ಟ್ರಾಟೊಕಾಸ್ಟರ್ ಎಂಬ ಫೆಂಡರ್ ಕಂಪನಿಯ ಗಿಟಾರಿನದೇ. ಒಳಗೆ ಚಿಪ್ ತುರುಕಿದವರು ಹೆಚ್ಚುಕಡಿಮೆ ಎಲ್ಲರೂ ಸೋತರು. ಗಿಬ್ಸನ್ ಕಂಪನಿ 2007ರಲ್ಲಿ ತಾನಾಗಿ ಶ್ರುತಿ ಮಾಡಿಕೊಳ್ಳುವ ರೋಬಾಟ್ ಗಿಟಾರ್ ತಂದಿತು. 2015ರಲ್ಲಿ ತನ್ನ ಬಹುಪಾಲು ಗಿಟಾರುಗಳಿಗೆ ಮೋಟಾರಿನ ಬಿರಡೆಗಳನ್ನೇ ಹಾಕಿತು. ಜನ ಒಪ್ಪಲಿಲ್ಲ, ಮರುವರ್ಷವೇ ಹಳೇ ಬಗೆಯ ಬಿರಡೆಗಳನ್ನು ವಾಪಸ್ ತರಬೇಕಾಯಿತು. ಒಡಲ ತುಂಬ ಡಿಜಿಟಲ್ ಸರ್ಕ್ಯೂಟ್ ಇದ್ದ ಫೈರ್‌ಬರ್ಡ್ ಎಕ್ಸ್ ಗಿಟಾರುಗಳನ್ನು ನೂರಾರು ಸಂಖ್ಯೆಯಲ್ಲಿ ಯಂತ್ರದಡಿ ಹಾಕಿ ಪುಡಿ ಮಾಡಿದ ವಿಡಿಯೊ 2019ರಲ್ಲಿ ಹೊರಬಂತು. ಅದನ್ನು ನೋಡುವಾಗ ನನಗೆ ಸಂಕಟವಾಯಿತು. ಮರ ಅರವತ್ತು ವರ್ಷ ಬಾಳುತ್ತದೆ, ಚಿಪ್ ಆರು ವರ್ಷಕ್ಕೆ ಹಳೆಯದಾಗುತ್ತದೆ. ಎರಡನ್ನೂ ಒಂದೇ ಮೈಯಲ್ಲಿ ಕೂಡಿಸಿದರೆ ಚಿಪ್ಪಿನ ಆಯಸ್ಸೇ ಮರದ ಆಯಸ್ಸೂ ಆಗಿಬಿಡುತ್ತದೆ. ಇದನ್ನು ನುಡಿಸುವವರು ಯಾರೂ ಹೇಳಿಕೊಡದೆ ಅರ್ಥ ಮಾಡಿಕೊಂಡರು. ಚಿಪ್ಪನ್ನು ನೆಲದ ಮೇಲಿನ ಪೆಟ್ಟಿಗೆಗೆ ಕಳಿಸಿ, ಗಿಟಾರನ್ನು ಮರ ಮತ್ತು ತಂತಿಯಾಗಿಯೇ ಉಳಿಸಿಕೊಂಡರು.

ಡಿಜಿಟಲ್ ಬದಲಾಯಿಸಿದ್ದು ಮರ ಕೆತ್ತುವ ಕೈಯನ್ನು. ಸಾಗರದವನಿಗೆ ಇದು ತಟ್ಟುತ್ತದೆ, ನಮ್ಮದು ಗುಡಿಗಾರರ ಊರು. ಮಳೆಗಾಲದಲ್ಲಿ ನನ್ನ ಗಿಟಾರಿನ ಕುತ್ತಿಗೆ ಬಾಗಿ ತಂತಿಗಳು ಅರ್ಧ ಇಂಚು ಮೇಲೆದ್ದಿದ್ದಾಗ, ಗಂಧದ ಆನೆ ಕೆತ್ತುವ ಒಬ್ಬ ಹಿರಿಯರು ಅರದಿಂದ ಒಂದೊಂದೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಉಜ್ಜಿ ಸರಿಮಾಡಿಕೊಟ್ಟಿದ್ದರು. ಕಣ್ಣು ಕಿರಿದು ಮಾಡಿ ಕುತ್ತಿಗೆಯುದ್ದಕ್ಕೂ ನೋಡುತ್ತಿದ್ದರು, ಕೋವಿ ಹಿಡಿದವರ ಹಾಗೆ. ಇವತ್ತು ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನಡೆಸುವ ಉಳಿ ಕುತ್ತಿಗೆ ಕೊರೆಯುತ್ತದೆ, ಪ್ಲೆಕ್ ಎಂಬ ಜರ್ಮನ್ ಯಂತ್ರ ಪ್ರತಿ ಫ್ರೆಟ್ಟನ್ನೂ ಅಳೆದು ಉಜ್ಜುತ್ತದೆ. ಅಗ್ಗದ ಗಿಟಾರು ಇವತ್ತು ನುಡಿಸಲು ಸುಲಭ ಇರುವುದಕ್ಕೆ ಇಂಥ ಯಂತ್ರಗಳೇ ಕಾರಣ. ಕಲಿಯುವ ಮಗುವಿನ ಬೆರಳು ಈಗ ನಮ್ಮ ಬೆರಳಿನಷ್ಟು ರಕ್ತ ಸುರಿಸಬೇಕಿಲ್ಲ. ಒಳ್ಳೆಯದೇ ಆಯಿತು.

ಮರದ ಮಾತು ಬಂತು. ಬೀಟೆ ನಮ್ಮ ಮಲೆನಾಡಿನದು. ಅಜ್ಜನ ಮನೆಯ ಮಂಚ, ಬಾಗಿಲು, ದೇವರ ಮಣೆ. ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಬ್ರೆಜಿಲ್ಲಿನ ರೋಸ್‌ವುಡ್ ಸಿಗದೆ ಭಾರತದ ಬೀಟೆಗೆ ಬದಲಾಯಿಸಿತು. ಆಮೇಲೆ ಪ್ರಪಂಚದ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು ಪಶ್ಚಿಮ ಘಟ್ಟದ ಮರ. 2017ರಿಂದ ಬೀಟೆಯ ಇಡೀ ಕುಲಕ್ಕೇ ದೇಶದಾಚೆ ಸಾಗಿಸಲು ಅಂತರರಾಷ್ಟ್ರೀಯ ಕಾಗದಪತ್ರ ಬೇಕಾಯಿತು, 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. 2000ದ ದಶಕದ ಆರಂಭದಲ್ಲಿ ಬಂದ ವೇರಿಯಾಕ್ಸ್ ಎಂಬ ಗಿಟಾರು ಪ್ರತಿ ತಂತಿಯ ಕಂಪನವನ್ನೂ ಬೇರೆಬೇರೆಯಾಗಿ ಹಿಡಿದು, ಒಂದು ನಾಬ್ ತಿರುಗಿಸಿದರೆ ಇಪ್ಪತ್ತಕ್ಕೂ ಹೆಚ್ಚು ಹಳೇ ಗಿಟಾರುಗಳ ದನಿ ಕೊಡುತ್ತಿತ್ತು. ಅದಕ್ಕೆ ಬೀಟೆಯಾದರೂ ಒಂದೇ, ಪ್ಲೈವುಡ್ ಆದರೂ ಹೆಚ್ಚುಕಡಿಮೆ ಒಂದೇ. ಕಾಡಿಗೆ ಇದು ಒಳ್ಳೆಯ ಸುದ್ದಿ ಆಗಬಹುದು. ಆದರೂ ಬೀಟೆಯ ಬೆನ್ನಿನ ಗಿಟಾರನ್ನು ಹೊಟ್ಟೆಗೆ ಒತ್ತಿಕೊಂಡು ಕೂತಾಗ ಮೈಗೆ ಹತ್ತುವ ಕಂಪನ ಹೆಡ್‌ಫೋನಿನಲ್ಲಿ ಬರುವುದಿಲ್ಲ.

ತಡ

ಕೈಗೂ ಕಿವಿಗೂ ನಡುವೆ ಕಂಪ್ಯೂಟರ್ ಬಂದಮೇಲೆ ಒಂದು ತಡ ಬಂತು. ಜನ ಇದರ ಬಗ್ಗೆ ಜಾಸ್ತಿ ಹೆದರುತ್ತಾರೆ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆಂಪ್‌ನಿಂದ ಮೂರು ಮೀಟರ್ ದೂರ ನಿಂತರೆ ಒಂಬತ್ತು ಮಿಲಿಸೆಕೆಂಡ್ ತಡ ಇದ್ದೇ ಇದೆ. ಹುಡುಗನ ಲ್ಯಾಪ್‌ಟಾಪಿನ ತಡ ಅದಕ್ಕಿಂತ ಹೆಚ್ಚೇನಿಲ್ಲ. ನಿಜವಾದ ತಡ ಇರುವುದು ಗಿಟಾರ್ ಮೀಟಿದರೆ ಕೊಳಲೋ ಪಿಟೀಲೋ ನುಡಿಯುವ ಸಿಂಥ್ ಗಿಟಾರುಗಳಲ್ಲಿ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಸ್ವರ ಯಾವುದು ಅಂತ ಯಂತ್ರಕ್ಕೆ ಗೊತ್ತಾಗಲು ಒಂದೆರಡು ಸುತ್ತಾದರೂ ಕಾಯಬೇಕು. ಇದು ಚಿಪ್ಪಿನ ದೋಷವಲ್ಲ, ತಂತಿಯೇ ಅಷ್ಟು ನಿಧಾನ. 1977ರಲ್ಲಿ ರೋಲ್ಯಾಂಡ್ ತನ್ನ ಮೊದಲ ಗಿಟಾರ್ ಸಿಂಥ್ ತಂದಾಗಿನಿಂದ ಈ ಗೋಡೆ ಅಲ್ಲೇ ಇದೆ.

ಗುಂಯ್

ಮೇಷ್ಟ್ರ ಆಂಪ್ ಬಗ್ಗೆ ಹುಡುಗನಿಗೆ ಹೇಳಿದೆ. ಅವನ ಕಣ್ಣು ಅರಳಿತು. "ಅದು ಈಗ ಎಲ್ಲಿದೆ ಮಾಮ? ಕ್ಯಾಪ್ಚರ್ ಮಾಡೋಣ." ಎಲ್ಲೂ ಇಲ್ಲ. ಮೇಷ್ಟ್ರು ತೀರಿಕೊಂಡಮೇಲೆ ಅಂಗಡಿ ಖಾಲಿಯಾಯಿತು, ಪೆಟ್ಟಿಗೆ ಯಾವ ಗುಜರಿ ಸೇರಿತೋ. ಎರಡು ಇಎಲ್84 ಇರುವ ಬೇರೆ ಆಂಪ್‌ನ ಕ್ಯಾಪ್ಚರ್ ಹುಡುಕಿ ಹಾಕಿದ. ಹತ್ತಿರ ಇತ್ತು, ಆದರೆ ತುಂಬ ಶುಭ್ರ. "ನಮ್ಮದರಲ್ಲಿ ಗುಂಯ್ ಅನ್ನೋದು ಇರ್ತಿತ್ತು" ಅಂದೆ. ಆಗ ಅವನು ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕ್ಯಾಪ್ಚರಿನಲ್ಲಿ ಗುಂಯ್ ಬರುವುದಿಲ್ಲವಂತೆ. ಆ ತಂತ್ರಾಂಶದೊಳಗಿನ ನ್ಯೂರಲ್ ನೆಟ್‌ವರ್ಕ್ ಕಲಿಯುವುದು ಒಳಗೆ ಹೋದ ಸದ್ದಿಗೂ ಹೊರಗೆ ಬಂದ ಸದ್ದಿಗೂ ಇರುವ ನಂಟನ್ನು. ಕರೆಂಟಿನ ಗುಂಯ್ ಒಳಗಿನಿಂದ ಬಂದದ್ದಲ್ಲ, ಕೈ ಏನು ಮಾಡಿದರೂ ಅದು ತನ್ನ ಪಾಡಿಗೆ ತಾನಿರುತ್ತದೆ. ಹಾಗಾಗಿ ಸಂಬಂಧವಿಲ್ಲದ್ದು ಅಂತ ಬಿಟ್ಟುಬಿಡುತ್ತದೆ.

ನಾನು ಹುಡುಕುತ್ತಿದ್ದದ್ದು ಇದೇ ಇರಬೇಕು ಅನ್ನಿಸಿತು. ಕೈಯಿಂದ ಹುಟ್ಟುವ ಎಲ್ಲವನ್ನೂ ಈ ಯಂತ್ರಗಳು ಹಿಡಿದಿವೆ. ಉಗುರು ತಾಗಿದ್ದು, ಬೆರಳು ಜಾರಿದ್ದು, ಜೋರು, ಮೆಲ್ಲಗೆ, ಎಲ್ಲ. ಕೈಯಿಂದ ಬಾರದೆ ಊರಿನಿಂದ ಬಂದದ್ದು ಮಾತ್ರ ಹೊರಗೇ ಉಳಿಯಿತು. ಪೆಂಡಾಲಿನ ಟ್ಯೂಬ್‌ಲೈಟು ಪಿಕಪ್ಪಿನ (ಗಿಟಾರಿನಲ್ಲಿ ತಂತಿಯ ನಡುಕ ಹಿಡಿಯುವ ಅಯಸ್ಕಾಂತ) ಸುರುಳಿಯಲ್ಲಿ ಹುಟ್ಟಿಸಿದ ಗುಂಯ್. ಎಂಟು ಗಂಟೆಯ ವೋಲ್ಟೇಜು. ತಂತಿಯನ್ನು ಮೀಟಿದ ಗಾಳಿ.

"ಗುಂಯ್ ಬೇಕಾದ್ರೆ ಬೇರೆ ಹಾಕೋಣ, ಯಾವ ಸ್ವರ ಹೇಳಿ" ಅಂದ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಅಂದರೆ ಅವರ ಆಂಪ್‌ಗಳ ಗುಂಯ್ ಬೇರೆ ಸ್ವರ, ನಮ್ಮದು ಬೇರೆ. ಗಿಟಾರಿನ ಲೆಕ್ಕದಲ್ಲಿ ನಮ್ಮದು ಜಿ ಸ್ವರಕ್ಕೆ ಹತ್ತಿರ, ಸ್ವಲ್ಪ ಮೇಲೆ. ಬೆಂಗಳೂರಿನ ರಾಡೆಲ್ ಶ್ರುತಿಪೆಟ್ಟಿಗೆ ಹಾಡುವವರಿಗೆ ಹಿನ್ನೆಲೆ ಹಿಡಿದ ಹಾಗೆ, ನಮ್ಮ ಆರ್ಕೆಸ್ಟ್ರಾಕ್ಕೂ ಕರೆಂಟು ಒಂದು ಶ್ರುತಿ ಹಿಡಿದಿತ್ತು. ಆಗ ಥಟ್ಟನೆ ಒಂದು ನೆನಪಾಯಿತು. ಕೀಬೋರ್ಡಿಗೆ ಸರಿಯಾಗಿ ಶ್ರುತಿ ಮಾಡಿದ ಗಿಟಾರಿನ ಮೂರನೇ ತಂತಿಯನ್ನು ಖಾಲಿ ಮೀಟಿದರೆ ಒಂದು ನಡುಕ ಇರುತ್ತಿತ್ತು, ವೊಂವ್ ವೊಂವ್ ಅಂತ. ಆಂಪ್ ಕೆಟ್ಟಿದೆ ಅಂದುಕೊಂಡಿದ್ದೆ. ಸಂಜೆ ಬೇಗ ಬೇಗ, ರಾತ್ರಿ ಹೋಗ್ತಾ ಹೋಗ್ತಾ ನಿಧಾನ.

ಹುಡುಗ ಕಾಗದ ತೆಗೆದುಕೊಂಡ. ಆ ತಂತಿ 196 ಹರ್ಟ್ಸ್. ಗುಂಯ್ಯಿನಲ್ಲಿ 50ರ ಪಟ್ಟುಗಳೂ ಇರುತ್ತವೆ, ನಾಲ್ಕು ಪಟ್ಟು 200. ಎರಡರ ವ್ಯತ್ಯಾಸ ನಾಲ್ಕು, ಅಂದರೆ ಸೆಕೆಂಡಿಗೆ ನಾಲ್ಕು ನಡುಕ. "ಆದ್ರೆ ಅದು ನಿಧಾನ ಯಾಕೆ ಆಗ್ತಿತ್ತು ಮಾಮ? ಕರೆಂಟು 50ರಲ್ಲೇ ಇರುತ್ತಲ್ಲ." ಈಗ ಇರುತ್ತದೆ. ಆಗ ಇರುತ್ತಿರಲಿಲ್ಲ. 90ರ ದಶಕದಲ್ಲಿ ದಕ್ಷಿಣದ ರಾಜ್ಯಗಳ ಗ್ರಿಡ್ ಬೇರೆಯೇ ಇತ್ತು, ಉತ್ತರದ ಜೊತೆ ಅದು ಪೂರ್ತಿ ಕೂಡಿಕೊಂಡದ್ದು 2013ರ ಕೊನೆಯಲ್ಲಿ, ರಾಯಚೂರು ಸೊಲ್ಲಾಪುರ ಲೈನಿನಿಂದ. ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಇಲ್ಲದಾಗ ಎಲ್ಲ ಟರ್ಬೈನುಗಳೂ ಒಟ್ಟಿಗೆ ನಿಧಾನವಾಗುತ್ತಿದ್ದವು, 50 ಇದ್ದದ್ದು 49ಕ್ಕೆ, ಅದಕ್ಕೂ ಕೆಳಕ್ಕೆ ಇಳಿಯುತ್ತಿತ್ತು. 49ರ ನಾಲ್ಕು ಪಟ್ಟು 196. ಸರಿಯಾಗಿ ನನ್ನ ಮೂರನೇ ತಂತಿ. ಸಾಗರದ ಪೆಂಡಾಲಿನಲ್ಲಿ ನಿಂತು, ಮೈಸೂರು, ಮದುರೆ, ಕೊಚ್ಚಿ, ವಿಜಯವಾಡದ ಮನೆಗಳಲ್ಲಿ ದೀಪ ಹಚ್ಚಿದ್ದನ್ನು ನಾನು ಗಿಟಾರಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಗೊತ್ತೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯವರು ಮದುವೆಗೆ ಹೋಗಿದ್ದರು. ಹುಡುಗ ಹೆಡ್‌ಫೋನಿನ ವೈರ್ ಕಿತ್ತು ಹಾಲಿನ ಸ್ಪೀಕರಿಗೆ ಹಾಕಿದ. ಗುಂಯ್ ಅನ್ನು 50ಕ್ಕೆ ಇಟ್ಟ. ನಾನು ಮೂರನೇ ತಂತಿ ಮೀಟಿದೆ. ವೊಂವ್ ವೊಂವ್ ವೊಂವ್ ವೊಂವ್. ಅಕ್ಕ ಅಡುಗೆಮನೆಯಿಂದ ಇಣುಕಿದಳು. ಹುಡುಗ ಪರದೆಯ ಮೇಲೆ ಅಂಕಿಯನ್ನು ಮೆಲ್ಲಗೆ ಇಳಿಸುತ್ತಾ ಬಂದ. 49.8. 49.5. ನಡುಕ ನಿಧಾನವಾಯಿತು. 49.2. ಈಗ ಒಂದೊಂದು ಅಲೆಯೂ ಬಿಡಿಬಿಡಿಯಾಗಿ ಬರುತ್ತಿತ್ತು, ಹಿಂದಿನದು ಮುಗಿದ ಮೇಲೆ ಮುಂದಿನದು. ನಾನು ಮತ್ತೆ ಮೀಟಿದೆ. ಅವನು ಇನ್ನೊಂದಿಷ್ಟು ಇಳಿಸಿದ. ತಂತಿಯೂ ಗುಂಯ್ಯೂ ಒಂದರೊಳಗೊಂದು ಸೇರಿ ನಿಂತವು. "ಸಾಕು, ಅಲ್ಲೇ ಇರಲಿ" ಅಂದೆ.